ನಾಯಿ ಸೀನಿದ್ದು ಯಾರಿಗೆ ಕೇಳಿಸಿತು?

ನಂಜನಗೂಡು, ತಿ.ನರಸೀಪುರ ಕಡೆಯ ಹಳ್ಳಿಗಳಲ್ಲಿ ಬೆಳೆದವರಿಗೆ ಸೀನಿನ ಲೆಕ್ಕ ಗೊತ್ತಿರುತ್ತೆ. ಒಂಟಿ ಸೀನು ಅಪಶಕುನ, ಜೋಡಿ ಸೀನಾದರೆ ಪರವಾಗಿಲ್ಲ. ಸಂತೆಗೋ ಹೆಣ್ಣು ನೋಡೋಕೋ ಹೊರಟವರು ಒಂಟಿ ಸೀನು ಕೇಳಿದರೆ "ತಡಿಯಪ್ಪಾ, ಸೀನ್ ಬಂತು" ಅಂತ ಒಳಗೆ ಬಂದು, ಒಂದು ಲೋಟ ನೀರು ಕುಡಿದು, ಸ್ವಲ್ಪ ಹೊತ್ತು ಕೂತು ಮತ್ತೆ ಹೊರಡೋರು. ಈ ಶಕುನದ ಪಟ್ಟಿಯಲ್ಲಿ ನಾಯಿಗೂ ಜಾಗ ಇತ್ತು. ಹೊರಡೋ ಹೊತ್ತಿಗೆ ನಾಯಿ ಪಟಪಟ ಅಂತ ಕಿವಿ ಬಡಿದರೆ ಆಗಲ್ಲ. ರಾತ್ರಿ ಊಳಿಟ್ಟರೆ ಯಾರದೋ ಮನೇಲಿ ಸಾವು.

ಆದರೆ ನಾಯಿ ಸೀನಿದರೆ? ನಾನು ಬೆಳೆದ ಕಡೆ ಅದಕ್ಕೆ ಯಾವ ಅರ್ಥವೂ ಇರಲಿಲ್ಲ. ಜಗಲಿ ಕೆಳಗೆ ಮಲಗಿದ ನಾಯಿ ಇದ್ದಕ್ಕಿದ್ದಂತೆ ಎದ್ದು ಹತ್ತು ಸಲ ಸೀನಿದರೂ "ಥೂ, ಹೋಗಾಚೆ" ಅಂತ ಗದರಿಸೋದು ಬಿಟ್ಟು ಇನ್ನೇನೂ ನಡೀತಿರಲಿಲ್ಲ. ಆಮೇಲೆ ಆ ನಾಯಿ ಮೂಗಲ್ಲಿ ಗೊಣ್ಣೆ ಸುರಿಸಿಕೊಂಡು, ಕಣ್ಣಲ್ಲಿ ಗೀಜು ಕಟ್ಟಿಕೊಂಡು, ಅನ್ನ ಮುಟ್ಟದೆ ಹುಲ್ಲಿನ ಮೆದೆ ಹಿಂದೆ ಸೇರಿಕೊಳ್ಳೋದು. ಕೆಲವು ದಿನ ಕಳೆದ ಮೇಲೆ ಕಾಣಿಸ್ತಾನೇ ಇರಲಿಲ್ಲ. ಒಂದೇ ಸೂಲಿನ ಆರು ಮರಿಗಳಲ್ಲಿ ಒಂದೋ ಎರಡೋ ಉಳಿಯೋವು. ಯಾರೂ ಅದನ್ನ ರೋಗ ಅಂತ ಕರೀಲಿಲ್ಲ. "ನಾಯಿಮರಿ ಅಲ್ವಾ, ಸಾಯ್ತವೆ" ಅನ್ನೋದೇ ವಿವರಣೆ.

ಈಗ ಬೆಂಗಳೂರಿನ ಅಪಾರ್ಟ್‌ಮೆಂಟಲ್ಲಿ ನಾಯಿ ಸಾಕಿರೋರ ಕಥೆ ಬೇರೆ. ಲ್ಯಾಬ್ರಡಾರ್ ಮೂರು ಸಲ ಸೀನಿದರೆ ವಿಡಿಯೊ ಮಾಡಿ ಪಶುವೈದ್ಯರಿಗೆ ಕಳಿಸ್ತೀವಿ. ಕಳಿಸೋದು ಒಳ್ಳೇದೇ. ಆದರೆ ನಾಯಿಯ ಸೀನನ್ನು ಮನುಷ್ಯ ಯಾವಾಗಿಂದ ಕೇಳಿಸಿಕೊಂಡ, ಯಾರ ನಾಯಿ ಸೀನಿದಾಗ ಕೇಳಿಸಿಕೊಂಡ, ಕೇಳಿಸಿಕೊಂಡಿದ್ದರಿಂದ ಏನಾಯ್ತು ಅನ್ನೋದಕ್ಕೆ ಒಂದು ಇತಿಹಾಸ ಇದೆ. ಆ ಇತಿಹಾಸದಲ್ಲಿ ಮೈಸೂರು ಸೀಮೆಯೂ ಬರುತ್ತೆ.

ಮೊದಲು ಸೀನಿನ ವಿಷಯ ಸ್ವಲ್ಪ ತಿಳ್ಕೊಳ್ಳೋಣ. ನಾಯಿ ಸೀನಿದ್ದೆಲ್ಲ ರೋಗ ಅಲ್ಲ. ಆಟದ ಹುಮ್ಮಸ್ಸಿನಲ್ಲೂ ನಾಯಿ ಸೀನುತ್ತೆ. ಧೂಳು, ಊದುಬತ್ತಿ ಹೊಗೆ, ಫಿನೈಲ್ ವಾಸನೆಗೂ ಸೀನುತ್ತೆ. ಹೊಲದಲ್ಲಿ ಓಡಾಡಿ ಬಂದ ನಾಯಿ ಏಕಾಏಕಿ ಒಂದೇ ಸಮನೆ ಸೀನುತ್ತಾ, ಒಂದು ಕಡೆಯ ಮೂಗನ್ನೇ ಪಂಜದಿಂದ ಉಜ್ಜಿಕೊಳ್ತಿದ್ದರೆ ಒಳಗೆ ಹುಲ್ಲಿನ ಚೂಪು ತೆನೆಯೋ ಕಡ್ಡಿಯೋ ಸಿಕ್ಕಿಕೊಂಡಿರಬಹುದು. ವಯಸ್ಸಾದ ನಾಯಿಗೆ ಮೇಲ್ದವಡೆಯ ಹಲ್ಲಿನ ಬೇರು ಕೀವಾದರೂ ಸೀನು ಬರುತ್ತೆ, ಯಾಕಂದರೆ ಆ ಬೇರಿಗೂ ಮೂಗಿನ ಗೂಡಿಗೂ ನಡುವೆ ಇರೋದು ತೆಳುವಾದ ಮೂಳೆ ಮಾತ್ರ. ಮೂಗಲ್ಲಿ ರಕ್ತ ಬಂದರೆ ಶಿಲೀಂಧ್ರ, ಗೆಡ್ಡೆ, ಉಣ್ಣೆ ಕಡಿತದಿಂದ ಬರೋ ಜ್ವರ ಎಲ್ಲವನ್ನೂ ಯೋಚಿಸಬೇಕಾಗುತ್ತೆ. ಇವೆಲ್ಲ ಒಂದೊಂದು ನಾಯಿಯ ತೊಂದರೆ. ಊರಿನ ನಾಯಿಗಳು, ಅದರಲ್ಲೂ ಮರಿಗಳು, ಒಂದರ ಹಿಂದೆ ಒಂದು ಸೀನೋಕೆ ಶುರುಮಾಡಿದರೆ ಮಾತ್ರ ಅದು ಇತಿಹಾಸಕ್ಕೆ ಸೇರೋ ವಿಷಯ. ಆ ರೋಗದ ಹೆಸರು ಡಿಸ್ಟೆಂಪರ್.

ಇದು ವೈರಸ್‌ನಿಂದ ಬರೋ ರೋಗ. ಜ್ವರ ಬಂದು ಇಳಿಯುತ್ತೆ, ಮತ್ತೆ ಏರುತ್ತೆ. ಮೂಗು, ಕಣ್ಣು ಸೋರುತ್ತೆ. ಸೀನು, ಕೆಮ್ಮು, ಆಮೇಲೆ ವಾಂತಿ, ಭೇದಿ. ಕೆಲವು ನಾಯಿಗಳ ಮೂಗಿನ ತುದಿ, ಅಂಗಾಲು ಗಟ್ಟಿಯಾಗುತ್ತೆ. ಕೊನೆಗೆ ವೈರಸ್ ಮೆದುಳಿಗೆ ಹೋದರೆ ಕಾಲು ಅದುರುತ್ತೆ, ಏನೋ ಜಗಿಯುತ್ತಿರೋ ಹಾಗೆ ದವಡೆ ಆಡುತ್ತೆ, ಜೊಲ್ಲು ಸುರಿಯುತ್ತೆ, ಮೂರ್ಛೆ ಬರುತ್ತೆ. ಹಳ್ಳಿಯಲ್ಲಿ ಜನಕ್ಕೆ ಕಣ್ಣಿಗೆ ಬೀಳೋದು ಈ ಕೊನೆಯ ಹಂತ. ಆಗ ಅದಕ್ಕೆ ಸಿಗೋ ಹೆಸರು "ಹುಚ್ಚುನಾಯಿ", ಸಿಗೋ ಔಷಧ ದೊಣ್ಣೆ. ಮೊದಲನೇ ಹಂತದ ಸೀನನ್ನು ಯಾರೂ ನೆನಪಿಟ್ಟುಕೊಂಡಿರಲ್ಲ. ಆಫೀಸಲ್ಲಿ ಸಿಸ್ಟಮ್ ಬಿದ್ದುಹೋದ ಮೇಲೆ ಲಾಗ್ ತೆಗೆದು ನೋಡಿದರೆ ಮೂರು ವಾರದಿಂದ ವಾರ್ನಿಂಗ್ ಬರ್ತಾ ಇತ್ತು ಅಂತ ಗೊತ್ತಾಗುತ್ತಲ್ಲ, ಹಾಗೆ.

ಹಾಗಂತ ನಮ್ಮವರಿಗೆ ನಾಯಿ ಕಂಡರೆ ಅಸಡ್ಡೆ ಇತ್ತು ಅಂತ ಹೇಳೋ ಹಾಗಿಲ್ಲ. ಪ್ರಪಂಚದಲ್ಲಿ ನಾಯಿಗೆ ಸಿಕ್ಕಿರೋ ದೊಡ್ಡ ಗೌರವಗಳಲ್ಲಿ ಒಂದು ನಮ್ಮ ಸೀಮೆಯಲ್ಲೇ ಸಿಕ್ಕಿದೆ. ತಿ.ನರಸೀಪುರ ತಾಲ್ಲೂಕಿನ ತಲಕಾಡು ಗಂಗರ ರಾಜಧಾನಿ. 949ರಲ್ಲಿ ತಕ್ಕೋಲದ ಯುದ್ಧದಲ್ಲಿ ಗಂಗರ ಇಮ್ಮಡಿ ಬೂತುಗ, ರಾಷ್ಟ್ರಕೂಟರ ಮೂರನೇ ಕೃಷ್ಣನ ಪರವಾಗಿ ಹೋರಾಡಿ ಚೋಳರ ರಾಜಾದಿತ್ಯನನ್ನು ಕೊಂದ. ಆ ಯುದ್ಧದಲ್ಲಿ ಬೂತುಗನ ಜೊತೆಗಿದ್ದ ಮಣಲೆರ ಅನ್ನೋ ವೀರನಿಗೆ "ಏನು ಬೇಕು ಕೇಳು" ಅಂದಾಗ ಅವನು ಊರು, ಹೊನ್ನು ಕೇಳಲಿಲ್ಲ. ಕಾಳಿ ಅನ್ನೋ ಬೇಟೆನಾಯಿಯನ್ನು ಕೇಳಿ ಪಡೆದ. ಆ ನಾಯಿ ಮುಂದೆ ಒಂದು ದೊಡ್ಡ ಕಾಡುಹಂದಿಯ ಜೊತೆ ಕಾದಾಡಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಮಣಲೆರ ಅದಕ್ಕೊಂದು ಕಲ್ಲು ನಿಲ್ಲಿಸಿ, ಪೂಜೆಗೆ ಅಂತ ಭೂಮಿ ಬಿಡಿಸಿದ. ಪೂಜೆ ನೋಡಿಕೊಳ್ಳೋ ಗೊರವ ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ತಟ್ಟುತ್ತೆ ಅಂತಲೂ ಬರೆಸಿದ. ಇವತ್ತಿನ ಮದ್ದೂರು ತಾಲ್ಲೂಕಿನ ಆತಕೂರಿನ ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಬ್ಬನ್ ಪಾರ್ಕಿಗೆ ಭಾನುವಾರ ನಾಯಿ ಕರಕೊಂಡು ಹೋಗೋರು ಒಂದು ಸಲ ನೋಡಿ ಬನ್ನಿ. ನಾಯಿ ಹಂದಿ ಎದುರುಬದುರಾಗಿ ನಿಂತಿರೋ ಚಿತ್ರ ಅದರ ಮೇಲಿದೆ.

ಅಂದರೆ ಹೋರಾಡಿ ಸತ್ತ ನಾಯಿಗೆ ಕಲ್ಲು ಸಿಕ್ಕಿತು. ರೋಗ ಬಂದು ಸತ್ತ ನಾಯಿಗೆ? ನಮ್ಮ ಹಳೇ ಶಾಸ್ತ್ರಗಳನ್ನು ಈ ಕಣ್ಣಿಂದ ನೋಡಿದರೆ ಒಂದು ಸಾಲು ಕಾಣಿಸುತ್ತೆ. ಆನೆಗೆ ಪಾಲಕಾಪ್ಯನ ಹೆಸರಿನ ಹಸ್ತ್ಯಾಯುರ್ವೇದ ಇದೆ. ಕುದುರೆಗೆ ಶಾಲಿಹೋತ್ರನ ಶಾಸ್ತ್ರ ಇದೆ, ಕನ್ನಡದಲ್ಲಿ ಅಭಿನವಚಂದ್ರನ ಅಶ್ವವೈದ್ಯವೂ ಇದೆ. ದನಕ್ಕೆ ಚಾಲುಕ್ಯ ಮನೆತನದ ಕೀರ್ತಿವರ್ಮ ಕನ್ನಡದಲ್ಲೇ ಗೋವೈದ್ಯ ಬರೆದ. ಯುದ್ಧಕ್ಕೆ ಆನೆ, ಸವಾರಿಗೆ ಕುದುರೆ, ಉಳುಮೆಗೆ ಎತ್ತು. ಯಾವ ಪ್ರಾಣಿ ಸತ್ತರೆ ರಾಜ್ಯಕ್ಕೋ ಮನೆಗೋ ನಷ್ಟವೋ ಅದಕ್ಕೆ ವೈದ್ಯ ಹುಟ್ಟಿಕೊಂಡ. ನಾಯಿಯ ಬಗ್ಗೆಯೂ ಬರೆದವರಿದ್ದಾರೆ. 12ನೇ ಶತಮಾನದ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ನಾಯಿಗಳಿಗೆ ಅಂತಲೇ ಒಂದು ಭಾಗ ಇಟ್ಟಿದ್ದಾನೆ. ಆದರೆ ಅದು ಬರೋದು ವಿನೋದಗಳ ಪಟ್ಟಿಯಲ್ಲಿ, ಬೇಟೆಯ ಆಟವಾಗಿ.

ನಂಜನಗೂಡಿನ ದೇವರ ಕಥೆಯೂ ಇದೇ ಸಾಲಿಗೆ ಬರುತ್ತೆ. ನಂಜುಂಡ ಅಂದರೆ ನಂಜನ್ನು ಉಂಡವನು, ವಿಷ ಕುಡಿದು ಲೋಕ ಉಳಿಸಿದವನು. ರೋಗ ಕಳೆಯೋ ದೇವರು ಅಂತಲೇ ಹರಕೆ ಹೊತ್ತುಕೊಂಡು ಜನ ಬರ್ತಾರೆ, ಕಪಿಲೆಯಲ್ಲಿ ಮುಳುಗಿ ಉರುಳುಸೇವೆ ಮಾಡ್ತಾರೆ. ಟಿಪ್ಪು ಸುಲ್ತಾನನ ಪಟ್ಟದ ಆನೆಗೆ ಕಣ್ಣು ಹೋದಾಗ ಇಲ್ಲಿ ಪೂಜೆ ಮಾಡಿಸಿದ, ಆನೆಗೆ ಕಣ್ಣು ಬಂತು, ಟಿಪ್ಪು ಪಚ್ಚೆಲಿಂಗ ಕೊಟ್ಟು ದೇವರನ್ನ "ಹಕೀಮ್ ನಂಜುಂಡ" ಅಂತ ಕರೆದ ಅನ್ನೋ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ವೈದ್ಯನಾದ ದೇವರ ಹತ್ತಿರಕ್ಕೂ ರೋಗಿಯಾಗಿ ಹೋಗಿದ್ದು ಸುಲ್ತಾನನ ಆನೆ.

ನಾಯಿಯ ರೋಗಕ್ಕೆ ಕಿವಿಗೊಟ್ಟವರು ಯಾರು ಅಂತ ಹುಡುಕಿದರೆ ಯೂರೋಪಿಗೆ ಹೋಗಬೇಕು. ಅಲ್ಲೂ ಕಾರಣ ಕರುಣೆಯೊಂದೇ ಅಲ್ಲ. 1740ರ ದಶಕದಲ್ಲಿ ಸ್ಪೇನಿನ ಆಂಟೋನಿಯೊ ಡಿ ಉಲ್ಲೋವಾ ದಕ್ಷಿಣ ಅಮೆರಿಕದಲ್ಲಿ ನಾಯಿಗಳಿಗೆ ಬರೋ ಇಂಥ ಒಂದು ರೋಗವನ್ನು ದಾಖಲಿಸಿದ. 1760ರ ಆಸುಪಾಸಿಗೆ ಅದು ಸ್ಪೇನಿನಲ್ಲಿ ಕಾಣಿಸಿಕೊಂಡು ಕೆಲವೇ ವರ್ಷಗಳಲ್ಲಿ ಇಂಗ್ಲೆಂಡಿನವರೆಗೂ ಹಬ್ಬಿತು. ಅಲ್ಲಿ ಜಮೀನ್ದಾರರು ನರಿಬೇಟೆಗೆ ಅಂತ ನೂರಾರು ನಾಯಿಗಳನ್ನು ಒಂದೇ ಕಡೆ ಸಾಕೋರು. ಒಂದು ಸೀನಿದರೆ ಇಡೀ ದೊಡ್ಡಿಗೆ ಹರಡೋದು. ಬೇಟೆಯ ಸೀಸನ್ನೇ ಕೆಟ್ಟುಹೋಗೋದು.

1809ರಲ್ಲಿ ಈ ರೋಗದ ಲಕ್ಷಣಗಳನ್ನು ಕ್ರಮವಾಗಿ ಬರೆದು ಲಂಡನ್ನಿನ ವೈದ್ಯರ ಸಂಘದ ಮುಂದೆ ಇಟ್ಟವನು ಎಡ್ವರ್ಡ್ ಜೆನ್ನರ್. ಸಿಡುಬಿನ ಲಸಿಕೆಯ ಜೆನ್ನರ್, ಅವನೇ. ಮನುಷ್ಯರಲ್ಲಿ ಸಿಡುಬು, ದಡಾರ ಹೇಗೆ ಅಂಟುತ್ತೋ ನಾಯಿಗಳಲ್ಲಿ ಇದು ಹಾಗೇ ಅಂಟುತ್ತೆ ಅಂತ ಅವನು ಬರೆದ. ಇದನ್ನೂ ಹುಚ್ಚನ್ನೂ ಜನ ಒಂದೇ ಅಂದುಕೊಳ್ಳೋದರ ಬಗ್ಗೆಯೂ ಚರ್ಚಿಸಿದ. ದಡಾರದ ಹೆಸರನ್ನು ನೆನಪಲ್ಲಿಡಿ, ಆಮೇಲೆ ಬೇಕಾಗುತ್ತೆ.

ಜೆನ್ನರ್‌ಗೂ ಮೈಸೂರಿಗೂ ಒಂದು ನಂಟಿದೆ. ಅವನ ಸಿಡುಬಿನ ಲಸಿಕೆ ಭಾರತದಲ್ಲಿ ಮೊದಲು ಯಶಸ್ವಿಯಾಗಿದ್ದು 1802ರ ಜೂನ್‌ನಲ್ಲಿ, ಮುಂಬೈಯಲ್ಲಿ ಒಂದು ಮೂರು ವರ್ಷದ ಮಗುವಿನ ಮೇಲೆ. ಹಸುವಿನ ರೋಗದ ಕೀವನ್ನು ಮೈಗೆ ಚುಚ್ಚಿಸಿಕೊಳ್ಳೋದಕ್ಕೆ ಜನ ಹೆದರುತ್ತಿದ್ದ ಕಾಲ. ಸುಮಾರು 1805ರಲ್ಲಿ ಥಾಮಸ್ ಹಿಕಿ ಅನ್ನೋ ಚಿತ್ರಕಾರ ಮೈಸೂರಿನ ಮೂವರು ಹೆಣ್ಣುಮಕ್ಕಳ ಚಿತ್ರ ಬರೆದ. ಎಷ್ಟೋ ಕಾಲ ಅವರು ನರ್ತಕಿಯರು ಅಂದುಕೊಂಡಿದ್ದರು. ಅವರು ಮೈಸೂರು ಅರಮನೆಯ ರಾಣಿಯರು, ಬಲಗಡೆ ಇರೋಳು ಮುಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ ದೇವಾಜಮ್ಮಣ್ಣಿ, ಸೆರಗು ಸರಿಸಿ ತೋಳು ತೋರಿಸ್ತಿರೋದು ಲಸಿಕೆ ಹಾಕಿಸಿಕೊಂಡ ಜಾಗವನ್ನು ಅನ್ನೋದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ವಾದ. ಮಧ್ಯದಲ್ಲಿ ಇರೋರು ಲಕ್ಷ್ಮಮ್ಮಣ್ಣಿ, ಅವರ ಗಂಡ ಸಿಡುಬಿನಿಂದ ತೀರಿಕೊಂಡಿದ್ದರು ಅಂತಲೂ ಅವರು ಹೇಳ್ತಾರೆ. ರಾಣಿ ತೋಳು ತೋರಿಸಿದರೆ ಪ್ರಜೆಗಳೂ ತೋಳು ಕೊಡ್ತಾರೆ ಅನ್ನೋ ಲೆಕ್ಕ. ಹೀಗೆ ಮನುಷ್ಯನ ಲಸಿಕೆ ಜೆನ್ನರ್ ಬದುಕಿದ್ದಾಗಲೇ ಮೈಸೂರಿಗೆ ಬಂತು. ನಾಯಿಯ ಲಸಿಕೆ ಹುಟ್ಟೋಕೆ ಇನ್ನೂ ನೂರು ವರ್ಷದ ಮೇಲೆ ಬೇಕಾಯ್ತು.

1905ರಲ್ಲಿ ಫ್ರಾನ್ಸಿನ ಪಶುವೈದ್ಯ ಆಂರಿ ಕಾರೆ, ರೋಗಿ ನಾಯಿಯ ಮೂಗಿನ ಸಿಂಬಳವನ್ನು ಬ್ಯಾಕ್ಟೀರಿಯಾ ದಾಟಲಾರದಷ್ಟು ಸಣ್ಣ ರಂಧ್ರಗಳ ಸೋಸುಗದಲ್ಲಿ ಸೋಸಿದ. ಸೋಸಿದ ನೀರಿನಿಂದಲೂ ರೋಗ ಬಂತು. ಅಂದರೆ ಇದು ಬ್ಯಾಕ್ಟೀರಿಯಾಕ್ಕಿಂತ ಸಣ್ಣದಾದ ಏನೋ. ಆದರೆ ಬಹಳ ಜನ ನಂಬಲಿಲ್ಲ. ಸತ್ತ ನಾಯಿಗಳ ಉಸಿರುನಾಳದಲ್ಲಿ ಒಂದು ಬ್ಯಾಕ್ಟೀರಿಯಾ ಕಣ್ಣಿಗೇ ಕಾಣ್ತಿತ್ತು, ಅದೇ ಕಾರಣ ಅಂತ ಬಿಟ್ಟರು. ಆ ಬ್ಯಾಕ್ಟೀರಿಯಾ ನಿಜಕ್ಕೂ ತರೋದು ಇವತ್ತು ನಾವು ಕೆನೆಲ್ ಕಾಫ್ ಅನ್ನೋ ಕೆಮ್ಮನ್ನ. ಹೀಗೆ ಸುಮಾರು ಇಪ್ಪತ್ತು ವರ್ಷ ಕಾರೆಯ ಮಾತು ಮೂಲೆಗೆ ಬಿತ್ತು.

ಮತ್ತೆ ಚುರುಕು ಬಂದಿದ್ದು 1923ರಲ್ಲಿ. ಬೇಟೆ, ಮೀನುಗಾರಿಕೆಯ ಬಗ್ಗೆ ಬರೀತಿದ್ದ ಇಂಗ್ಲೆಂಡಿನ "ದಿ ಫೀಲ್ಡ್" ಪತ್ರಿಕೆ ತನ್ನ ಓದುಗರಿಂದ ಚಂದಾ ಎತ್ತಿ ಡಿಸ್ಟೆಂಪರ್ ಸಂಶೋಧನೆಗೆ ನಿಧಿ ಮಾಡಿತು. ಇವತ್ತಿನ ಭಾಷೆಯಲ್ಲಿ ಕ್ರೌಡ್‌ಫಂಡಿಂಗ್. ಆ ದುಡ್ಡಲ್ಲಿ ಲಂಡನ್ನಿನ ಹೊರವಲಯದ ಮಿಲ್ ಹಿಲ್‌ನಲ್ಲಿ ಡಾಕ್ಟರ್ ಪ್ಯಾಟ್ರಿಕ್ ಲೇಡ್ಲಾ ಮತ್ತು ಪಶುವೈದ್ಯ ಡಂಕಿನ್ ಕೆಲಸಕ್ಕೆ ಕೂತರು. ಅವರಿಗೆ ನಾಯಿಗಿಂತ ಅನುಕೂಲವಾಗಿ ಒದಗಿದ್ದು ಫೆರೆಟ್. ನಮ್ಮ ಮುಂಗುಸಿಯ ಹಾಗೆ ಉದ್ದುದ್ದಕ್ಕೆ ಕಾಣೋ ಪ್ರಾಣಿ, ಡಿಸ್ಟೆಂಪರ್ ಬಹಳ ಬೇಗ ಹತ್ತುತ್ತೆ. ಒಂದು ಗೂಡಿನಿಂದ ಇನ್ನೊಂದಕ್ಕೆ ರೋಗ ಹೋಗದ ಹಾಗೆ, ಒಳಗೆ ಹೋಗೋರು ರಬ್ಬರ್ ಬೂಟು ಹಾಕಿಕೊಂಡು ಲೈಸಾಲ್ ದ್ರಾವಣದಲ್ಲಿ ನಡೆದು ಹೋಗಬೇಕಿತ್ತು. ರೋಗಕ್ಕೆ ಕಾರಣ ವೈರಸ್ಸೇ, ಕಾರೆ ಹೇಳಿದ್ದು ಸರಿ ಅಂತ ಅವರು ತೋರಿಸಿಕೊಟ್ಟರು. 1928ರ ಹೊತ್ತಿಗೆ ನಾಯಿಗೆ ಲಸಿಕೆಯೂ ಸಿದ್ಧವಾಯ್ತು.

ಇಲ್ಲಿಗೇ ನಿಂತಿದ್ದರೆ ಇದು ಬೇಟೆನಾಯಿಗಳ ಕಥೆ ಆಗ್ತಿತ್ತು. ಆದರೆ ಮುಂದೆ ಆಗಿದ್ದು ನಮ್ಮೆಲ್ಲರ ಕಥೆ.

1918ರಲ್ಲಿ ಇನ್‌ಫ್ಲುಯೆಂಜಾ ಭಾರತಕ್ಕೆ ಬಂದು ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂದಿತು. ಮೈಸೂರು ಸಂಸ್ಥಾನದಲ್ಲೂ ಊರೂರಲ್ಲಿ ಸಾವಾಯ್ತು. ಇಷ್ಟಾದರೂ ಅದಕ್ಕೆ ಕಾರಣ ಏನು ಅಂತ ವಿಜ್ಞಾನಿಗಳಿಗೆ ಗೊತ್ತಿರಲಿಲ್ಲ. ಅವರೂ ಒಂದು ಬ್ಯಾಕ್ಟೀರಿಯಾದ ಮೇಲೆ ಅನುಮಾನ ಪಟ್ಟಿದ್ದರು. ಯಾವ ಪ್ರಯೋಗದ ಪ್ರಾಣಿಗೂ ಅದನ್ನು ಹತ್ತಿಸೋಕೆ ಆಗ್ತಿರಲಿಲ್ಲ. 1933ರಲ್ಲಿ ಲಂಡನ್ನಿನಲ್ಲಿ ಮತ್ತೆ ಫ್ಲೂ ಬಂದಾಗ ವಿಲ್ಸನ್ ಸ್ಮಿತ್, ಕ್ರಿಸ್ಟೋಫರ್ ಆಂಡ್ರೂಸ್ ಮತ್ತು ಅದೇ ಲೇಡ್ಲಾ, ಜ್ವರ ಬಂದವರು ಬಾಯಿ ಮುಕ್ಕಳಿಸಿದ ನೀರನ್ನು ಸೋಸಿ, ಮಿಲ್ ಹಿಲ್‌ನಲ್ಲಿ ನಾಯಿರೋಗಕ್ಕೆ ಅಂತ ಸಾಕಿದ್ದ ಫೆರೆಟ್‌ಗಳ ಮೂಗಿಗೆ ಬಿಟ್ಟರು. ಎರಡು ದಿನ ಕಳೆಯೋದರೊಳಗೆ ಫೆರೆಟ್‌ಗಳಿಗೆ ಜ್ವರ ಬಂದು, ಮೂಗು ಸೋರಿ, ಸೀನೋಕೆ ಶುರುಮಾಡಿದವು. ಮನುಷ್ಯನ ಫ್ಲೂ ವೈರಸ್ ಮೊದಲ ಸಲ ಸಿಕ್ಕಿದ್ದು ಹೀಗೆ. 1936ರಲ್ಲಿ ಫೆರೆಟ್ ಒಂದು ಸ್ಟುವರ್ಟ್-ಹ್ಯಾರಿಸ್ ಅನ್ನೋ ವಿಜ್ಞಾನಿಯ ಮುಖಕ್ಕೇ ಸೀನಿತು. ಎರಡು ದಿನದಲ್ಲಿ ಅವರಿಗೆ ಫ್ಲೂ. ಅವರ ಗಂಟಲಲ್ಲಿ ಸಿಕ್ಕ ವೈರಸ್ಸೂ ಫೆರೆಟ್ಟಿನದೂ ಒಂದೇ. ಅದನ್ನು ಅವರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದರು.

ಇವತ್ತು ನಾವು ಹಾಕಿಸಿಕೊಳ್ಳೋ ಫ್ಲೂ ಇಂಜೆಕ್ಷನ್ನಿನ ಹಿಂದೆ ಯಾರದೋ ನಾಯಿದೊಡ್ಡಿಯ ಸೀನು ಇದೆ. ಜಮೀನ್ದಾರರು ತಮ್ಮ ಬೇಟೆ ಕೆಡುತ್ತೆ ಅಂತ ಕೊಟ್ಟ ದುಡ್ಡು ಕೊನೆಗೆ ಬಂದು ಮುಟ್ಟಿದ್ದು ಮನುಷ್ಯರಿಗೆ. ನಾಯಿ ರೋಗಕ್ಕೆಲ್ಲ ಯಾಕೆ ದುಡ್ಡು, ಮೊದಲು ಮನುಷ್ಯರನ್ನ ನೋಡಿ ಅನ್ನೋರಿಗೆ ಇದಕ್ಕಿಂತ ಒಳ್ಳೇ ಉತ್ತರ ನನಗೆ ಗೊತ್ತಿಲ್ಲ.

ಈಗ ದಡಾರಕ್ಕೆ ಬರೋಣ. ಜೆನ್ನರ್ ಬರೀ ಹೋಲಿಕೆಗೆ ಅಂತ ಹೇಳಿದ್ದು ನಿಜವಾಗಿಯೂ ನೆಂಟಸ್ತಿಕೆ ಅಂತ ಆಮೇಲೆ ಗೊತ್ತಾಯ್ತು. ಮನುಷ್ಯನ ದಡಾರ, ದನದ ದೊಡ್ಡರೋಗ, ನಾಯಿಯ ಡಿಸ್ಟೆಂಪರ್, ಈ ಮೂರರ ವೈರಸ್‌ಗಳೂ ಒಂದೇ ಮನೆತನದವು. ದನ ಸಾಕೋಕೆ ಶುರುಮಾಡಿದ ಮನುಷ್ಯನಿಗೆ ದನದಿಂದಲೇ ದಡಾರ ಬಂತು ಅನ್ನೋದನ್ನ ವಿಜ್ಞಾನಿಗಳು ಹೆಚ್ಚುಕಮ್ಮಿ ಒಪ್ಪಿದ್ದಾರೆ. ಯೂರೋಪಿನವರು ದಕ್ಷಿಣ ಅಮೆರಿಕಕ್ಕೆ ದಡಾರ ಒಯ್ದಾಗ ಅದು ಅಲ್ಲಿನ ನಾಯಿಗಳಿಗೆ ಹಾರಿ ಡಿಸ್ಟೆಂಪರ್ ಆಗಿರಬಹುದು ಅನ್ನೋ ವಾದವನ್ನೂ ಈಚೆಗೆ ಕೆಲವರು ಮಂಡಿಸಿದ್ದಾರೆ. ಅದು ನಿಜವಾದರೆ ನಾಯಿಗೆ ಈ ರೋಗ ಕೊಟ್ಟವರು ನಾವೇ.

ಈ ಮೂವರು ದಾಯಾದಿಗಳ ಗತಿ ಏನಾಯ್ತು ನೋಡಿ. ದೊಡ್ಡರೋಗ ಬಂದರೆ ಊರಿನ ಎತ್ತುಗಳೆಲ್ಲ ಸತ್ತು ಉಳುಮೆ ನಿಲ್ಲೋದು. ಊರು ಮಾರಮ್ಮನಿಗೆ ಹರಕೆ ಕಟ್ಟೋದು. ಅದಕ್ಕೆ ಲಸಿಕೆ ಬಂತು, ಸರ್ಕಾರಗಳು ಹಳ್ಳಿ ಹಳ್ಳಿಗೆ ಹೋಗಿ ಚುಚ್ಚಿದವು. ಭಾರತದಲ್ಲಿ ಕೊನೆಯ ಸಲ ಅದು ಕಾಣಿಸಿಕೊಂಡಿದ್ದು 1995ರಲ್ಲಿ, ಪಕ್ಕದ ತಮಿಳುನಾಡಿನಲ್ಲಿ. 2011ರಲ್ಲಿ ಇಡೀ ಭೂಮಿಯಿಂದಲೇ ಅದು ಹೋಯ್ತು ಅಂತ ಘೋಷಿಸಿದರು. ಸಿಡುಬಿನ ನಂತರ ಮನುಷ್ಯ ಪೂರ್ತಿ ಅಳಿಸಿಹಾಕಿದ ಎರಡನೇ ರೋಗ ಅದು. ದಡಾರಕ್ಕೆ ಪ್ರತಿ ಮಗುವಿಗೂ ಅಂಗನವಾಡಿಯಲ್ಲೋ ಆಸ್ಪತ್ರೆಯಲ್ಲೋ ಪುಕ್ಕಟೆ ಇಂಜೆಕ್ಷನ್ ಇದೆ. ಮೂರನೆಯದಕ್ಕೆ ಅಂಥ ಯಾವ ಕಾರ್ಯಕ್ರಮವೂ ಇಲ್ಲ. ಬೀದಿನಾಯಿಗಳಿಗೆ ಸರ್ಕಾರದ ಲೆಕ್ಕದಲ್ಲಿ ಆಗೋದು ಎರಡು ಕೆಲಸ, ಸಂತಾನಹರಣ ಮತ್ತು ಹುಚ್ಚಿನ ಲಸಿಕೆ. ಎರಡೂ ಬೇಕೇ ಬೇಕು. ಎರಡಕ್ಕೂ ಕಾರಣ ಮಾತ್ರ ಅವು ನಮ್ಮನ್ನು ಕಚ್ಚುತ್ತವೆ ಅನ್ನೋದು. ಡಿಸ್ಟೆಂಪರ್ ಮನುಷ್ಯನಿಗೆ ಅಂಟಲ್ಲ. ಹಾಗಾಗಿ ಅದು ಯಾರ ಪಟ್ಟಿಯಲ್ಲೂ ಇಲ್ಲ.

ಮನುಷ್ಯನಿಗೆ ಅಂಟಲ್ಲ ನಿಜ, ಆದರೆ ಕಾಡಿಗೆ ಅಂಟುತ್ತೆ. 1994ರಲ್ಲಿ ತಾಂಜಾನಿಯಾದ ಸೆರೆಂಗೆಟಿಯಲ್ಲಿ ಸುಮಾರು ಒಂದು ಸಾವಿರ ಸಿಂಹಗಳು, ಅಂದರೆ ಅಲ್ಲಿದ್ದವುಗಳಲ್ಲಿ ಮೂರನೇ ಒಂದು ಭಾಗ, ಡಿಸ್ಟೆಂಪರ್‌ನಿಂದ ಸತ್ತವು. ಸುತ್ತಲಿನ ಹಳ್ಳಿಗಳ ನಾಯಿಗಳಿಂದ ಬಂದಿರಬೇಕು ಅಂತ ಅಲ್ಲಿ ಹಳ್ಳಿನಾಯಿಗಳಿಗೆ ಲಸಿಕೆ ಹಾಕಿಸೋ ಕೆಲಸ ಶುರುವಾಯ್ತು. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಪರೀಕ್ಷೆಯಲ್ಲಿ ಇದೇ ವೈರಸ್ ಸಿಕ್ಕಿತು. ಅಮೆರಿಕದಿಂದ ಲಸಿಕೆ ತರಿಸಬೇಕಾಯ್ತು. ರಷ್ಯಾದ ಪೂರ್ವದಂಚಿನ ಕಾಡುಗಳಲ್ಲಿ ಮನುಷ್ಯರ ಭಯವೇ ಇಲ್ಲದ ಹಾಗೆ ಹಳ್ಳಿಯೊಳಗೆ, ರಸ್ತೆ ಮೇಲೆ ನಡೆದು ಬಂದ ಹುಲಿಗಳನ್ನು ಪರೀಕ್ಷೆ ಮಾಡಿದಾಗ ಅವುಗಳ ಮೆದುಳಲ್ಲೂ ಇದೇ ಇತ್ತು.

ಈಗ ನಮ್ಮ ನಕ್ಷೆ ತೆಗೆದು ನೋಡಿ. ನಂಜನಗೂಡು ತಾಲ್ಲೂಕಿನ ದಕ್ಷಿಣಕ್ಕೆ ಹೆಡಿಯಾಲ, ಓಂಕಾರ ವಲಯಗಳು. ಅದು ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಅಂಚು. ಅಲ್ಲಿನ ಹಳ್ಳಿಗಳ ನಾಯಿಗಳು ದನದ ಹಿಂದೆ ಕಾಡಂಚಿಗೆ ಹೋಗಿ ಬರ್ತವೆ. ಆ ಕಾಡಿನಲ್ಲಿ ಹುಲಿ, ಚಿರತೆ ಜೊತೆಗೆ ನಾಯಿಯ ಸ್ವಂತ ನೆಂಟರೂ ಇದ್ದಾರೆ, ಕೆಂಪು ಮೈಯಿನ ಸೀಳುನಾಯಿಗಳು. 1976ರಿಂದ 78ರವರೆಗೆ ಎ.ಜೆ.ಟಿ. ಜಾನ್‌ಸಿಂಗ್ ಅವರು ಇವುಗಳ ಹಿಂದೆ ಓಡಾಡಿ ಅಧ್ಯಯನ ಮಾಡಿದ್ದು ಇದೇ ಬಂಡೀಪುರದಲ್ಲಿ. ಮೂಗಿಗೆ ಮೂಗು ತಾಗಿಸಿ, ಒಂದೇ ಬೇಟೆಯನ್ನು ಹಂಚಿಕೊಂಡು ಗುಂಪಾಗಿ ಬದುಕೋ ಪ್ರಾಣಿ ಅದು. ಅಂಟುರೋಗಕ್ಕೆ ಇದಕ್ಕಿಂತ ಅನುಕೂಲ ಬೇಡ.

ತಿ.ನರಸೀಪುರದ ಕಡೆ ಕಾಡು ಕಡಿಮೆ, ಕಬ್ಬು ಜಾಸ್ತಿ. ಕಬ್ಬಿನ ಗದ್ದೆಯಲ್ಲಿ ಚಿರತೆ. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯವರೆಗೆ ಆ ಒಂದೇ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ಕು ಜನ ಸತ್ತರು. ಸಂಜೆಯಾದರೆ ಜನ ಮನೆಯಿಂದ ಹೊರಗೆ ಬರೋಕೆ ಹೆದರಿದ್ದ ದಿನಗಳು ಅವು. ಆ ಚಿರತೆಗಳಿಗೆ ಡಿಸ್ಟೆಂಪರ್ ಇತ್ತು ಅಂತ ನಾನು ಹೇಳ್ತಿಲ್ಲ. ಆದರೆ ಊರಂಚಿನ ಚಿರತೆ ಏನು ತಿಂದು ಬದುಕುತ್ತೆ ಅಂತ ಮಹಾರಾಷ್ಟ್ರದ ಅಕೋಲೆಯಲ್ಲಿ ವಿದ್ಯಾ ಆತ್ರೇಯ ಮತ್ತು ಜೊತೆಗಾರರು ಲೆಕ್ಕ ಹಾಕಿದಾಗ, ತೂಕದಲ್ಲಿ ಸುಮಾರು 39% ಊರನಾಯಿಗಳೇ ಆಗಿದ್ದವು. ಓಡಲಾರದ, ಸೀನುತ್ತಾ ಮೆದೆ ಹಿಂದೆ ಬಿದ್ದಿರೋ ನಾಯಿ ಚಿರತೆಗೆ ಸುಲಭದ ಊಟ. ಊರಿನ ರೋಗ ಊಟದ ಜೊತೆಗೇ ಹೋಗಬಹುದು.

ಹಾಗಾದರೆ ಹಳ್ಳಿನಾಯಿಯ ಸೀನು ಬರೀ ನಾಯಿಯ ವಿಷಯ ಅಲ್ಲ. ಸಾವಿರ ವರ್ಷದ ಹಿಂದೆ ಹಂದಿ ಎದುರು ನಿಂತ ನಾಯಿಗೆ ಭೂಮಿ ಬಿಟ್ಟ ಸೀಮೆ ನಮ್ಮದು. ಇನ್ನೂರು ವರ್ಷದ ಹಿಂದೆ ಲಸಿಕೆಗೆ ತೋಳು ಚಾಚಿದ ರಾಣಿಯ ಸೀಮೆಯೂ ಹೌದು. ಈಗ ಕೇಳ್ತಿರೋದು ಅದಕ್ಕಿಂತ ಬಹಳ ಸಣ್ಣ ಕೆಲಸ.

ನಗರದಲ್ಲಿರೋ ನಮ್ಮ ನಾಯಿಗೆ ಸೆವೆನ್ ಇನ್ ಒನ್, ನೈನ್ ಇನ್ ಒನ್ ಅಂತ ಹಾಕಿಸ್ತೀವಲ್ಲ, ಅದರಲ್ಲಿ ಡಿಸ್ಟೆಂಪರ್ ಲಸಿಕೆಯೂ ಸೇರಿರುತ್ತೆ. ಮರಿಗೆ ಆರರಿಂದ ಎಂಟು ವಾರ ಆದಾಗ ಶುರುಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೆ ಕೊಡಿಸಿ, ಮುಂದೆ ಡಾಕ್ಟರು ಹೇಳಿದ ಹಾಗ ಬೂಸ್ಟರ್ ಹಾಕಿಸಬೇಕು. ರೋಗ ಬಂದ ಮೇಲೆ ಅದನ್ನೇ ಕೊಲ್ಲೋ ಔಷಧ ಇವತ್ತಿಗೂ ಇಲ್ಲ. ಡ್ರಿಪ್ ಹಾಕಿ, ಜ್ವರ ಇಳಿಸಿ, ಬೇರೆ ಸೋಂಕು ಬರದ ಹಾಗೆ ನೋಡಿಕೊಂಡು ಕಾಯೋದೇ ಚಿಕಿತ್ಸೆ. ಹಾಗಾಗಿ ಮೂಗು, ಕಣ್ಣು ಸೋರ್ತಾ ಸೀನೋ ಮರಿಯನ್ನು ಕಂಡರೆ ಬೇರೆ ನಾಯಿಗಳಿಂದ ದೂರ ಇಟ್ಟು, ಅದರ ತಟ್ಟೆ ಬಟ್ಟೆ ಬೇರೆ ಮಾಡಿ, ಆವತ್ತೇ ಆಸ್ಪತ್ರೆಗೆ ತೋರಿಸಿ. ಸೋಪಿನ ನೀರಿಗೆ ಈ ವೈರಸ್ ಬೇಗ ಸಾಯುತ್ತೆ.

ಇನ್ನೊಂದು ಮಾತು. ನಮ್ಮಲ್ಲಿ ಎಷ್ಟೋ ಜನರಿಗೆ ಎರಡು ನಾಯಿ ಇರ್ತವೆ. ಒಂದು ಇಲ್ಲಿ ಫ್ಲಾಟಲ್ಲಿ ಕಾರ್ಡ್ ಸಮೇತ ಇಂಜೆಕ್ಷನ್ ಹಾಕಿಸಿಕೊಂಡಿರೋದು. ಇನ್ನೊಂದು ಊರಲ್ಲಿ, ಅಪ್ಪ ಅವ್ವನ ಹಿಂದೆ ಹೊಲಕ್ಕೆ ಹೋಗಿ ಬರೋದು, ಹೆಸರು ಕರಿಯನೋ ಕೆಂಪನೋ. ಮುಂದಿನ ಸಲ ಹಬ್ಬಕ್ಕೆ ಹೋದಾಗ ಆ ಎರಡನೆಯದನ್ನೂ ಅದರ ಮರಿಗಳನ್ನೂ ತಾಲ್ಲೂಕಿನ ಪಶು ಆಸ್ಪತ್ರೆಗೆ ಕರಕೊಂಡು ಹೋಗಿ. ಲಸಿಕೆ ಅಲ್ಲಿ ಇಲ್ಲದಿದ್ದರೆ ಹೊರಗಡೆ ಔಷಧಿ ಅಂಗಡಿಯಿಂದ ಐಸ್ ಡಬ್ಬಿಯಲ್ಲಿ ತಂದುಕೊಡಿ. "ಬೀದಿನಾಯಿಗೆಲ್ಲ ಯಾಕಪ್ಪಾ ದುಡ್ಡು ಸುರೀತೀಯ" ಅಂತ ಊರಲ್ಲಿ ಯಾರಾದರೂ ಕೇಳೇ ಕೇಳ್ತಾರೆ. ಫೆರೆಟ್ ಕಥೆ ಹೇಳಿ. ಅದು ಹಿಡಿಸದಿದ್ದರೆ ಚಿರತೆ ಕಥೆ ಹೇಳಿ, ತಿ.ನರಸೀಪುರದವರಾದರೆ ತಕ್ಷಣ ಅರ್ಥ ಆಗುತ್ತೆ.

ಆಫ್ರಿಕಾದ ಬೋಟ್ಸ್ವಾನಾದಲ್ಲಿ ಕಾಡುನಾಯಿಗಳ ಮೇಲೆ ನಡೆದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯ್ತು. ಬೇಟೆಗೆ ಹೊರಡೋ ಮೊದಲು ಆ ನಾಯಿಗಳು ಒಟ್ಟಿಗೆ ಸೇರಿ ಸೀನುತ್ತವಂತೆ. ಸಾಕಷ್ಟು ಸೀನು ಬಿದ್ದರೆ ಗುಂಪು ಹೊರಡುತ್ತೆ, ಇಲ್ಲದಿದ್ದರೆ ಮತ್ತೆ ಮಲಗುತ್ತೆ. ಗುಂಪಿನ ದೊಡ್ಡ ನಾಯಿ ಎಬ್ಬಿಸಿದರೆ ಮೂರು ಸೀನು ಸಾಕು, ಸಣ್ಣದು ಎಬ್ಬಿಸಿದರೆ ಹತ್ತು ಬೇಕು. ನಮ್ಮೂರಲ್ಲಿ ಹೊರಟವರನ್ನು ಕೂರಿಸೋ ಸೀನು, ಅಲ್ಲಿ ಕೂತವರನ್ನು ಹೊರಡಿಸುತ್ತೆ. ಅಲ್ಲೂ ಸಣ್ಣವರ ಮಾತು ಕೇಳಿಸಬೇಕಾದರೆ ಜಾಸ್ತಿ ಸಲ ಸೀನಬೇಕು. ಆದರೆ ಹತ್ತು ಸಲ ಸೀನಿದರೆ ಅವು ಎದ್ದು ಹೊರಡ್ತವೆ.